ಮೂವತ್ತು ಸಾವಿರದ ಹೆಡ್‌ಫೋನ್: ಕಿವಿಗೇನೋ ಇಂಪು, ತಲೆಗೆ ಹಿತವಾಗುತ್ತಾ?

ಪಾಂಡವಪುರ: ಕಬ್ಬಿನ ಟ್ರ್ಯಾಕ್ಟರಿನ ಹಾಡು ಅರ್ಧ ಊರಿಗೆ ಕೇಳಿಸೋ ಕಡೆ ಕೂತು ಹೆಡ್‌ಫೋನ್ ಬಗ್ಗೆ ಬರೀತಿದ್ದಾನಲ್ಲ ಅಂತ ನಗಬೇಡಿ. ಆ ಸದ್ದಿನ ನಡುವೆಯೇ ಮನೆಯಿಂದ ಬೆಂಗಳೂರು ಕಂಪನಿ ಕೆಲಸ ಮಾಡೋರು, ಪರೀಕ್ಷೆಗೆ ಓದೋರು, ದಿನಾ ರೈಲಲ್ಲಿ ಓಡಾಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಪ್ಪತ್ತೈದು, ಮೂವತ್ತು ಸಾವಿರದ ಹೆಡ್‌ಫೋನ್ ತಗೋಬಹುದಾ ಅಂತ ನನ್ನನ್ನ ಕೇಳ್ತಾರೆ. ಯಾಕಂದ್ರೆ ನಾನು ಒಂದ್ಸಲ ಕೈ ಸುಟ್ಟುಕೊಂಡವನು.

ಚೀಟಿ ಎತ್ತಿದ ದುಡ್ಡಲ್ಲಿ, ಹಾಕಿ ನೋಡದೆ, ಆನ್‌ಲೈನಲ್ಲಿ ತರಿಸಿದ್ದೆ. ಕಂಪನಿ ಹೆಸರು ಬೇಡ, ತಪ್ಪು ನಂದೇ. ಧ್ವನಿ ಚೆನ್ನಾಗಿತ್ತು. ಆದ್ರೆ ನಾನು ಕನ್ನಡಕ ಹಾಕೋನು. ಮುಕ್ಕಾಲು ಗಂಟೆ ಆಗೋದೇ ತಡ, ಕನ್ನಡಕದ ಕಡ್ಡಿ ತಲೆಗೆ ಒತ್ತಿ ನೋವು ಶುರು. ಮೂರು ತಿಂಗಳು ಒದ್ದಾಡಿ ಅರ್ಧ ರೇಟಿಗೆ ಮಾರಿದೆ. ಅಮ್ಮನಿಗೆ ಇವತ್ತಿಗೂ ನಿಜವಾದ ರೇಟು ಹೇಳಿಲ್ಲ.

ಆಮೇಲೆ ಬುದ್ಧಿ ಬಂತು. ಗೆಳೆಯರ ಹತ್ರ ಇದ್ದಿದ್ದನ್ನ, ಮೈಸೂರಿನ ಅಂಗಡಿಗಳಲ್ಲಿ ಡೆಮೊಗೆ ಇಟ್ಟಿದ್ದನ್ನ ಹಾಕಿ ಹಾಕಿ ನೋಡಿದೆ. ಅದರಿಂದ ಗೊತ್ತಾಗಿದ್ದು ಇಷ್ಟು: ಈ ರೇಟಿನಲ್ಲಿ ಕೆಟ್ಟ ಧ್ವನಿ ಅನ್ನೋದು ಕಡಿಮೆ. ದುಡ್ಡು ದಂಡ ಆಗೋದು ಹೆಚ್ಚಾಗಿ ತಲೆ ಮೇಲೆ ಕೂರದೆ ಇದ್ದಾಗ.

ತೂಕ, ಬಿಗಿ, ಬೆವರು

ಮೊದಲು ತೂಕ ನೋಡಿ. ಸೋನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ5 ಸುಮಾರು 250 ಗ್ರಾಂ. ಸೆನ್‌ಹೈಸರ್ ಮೊಮೆಂಟಮ್ 4 ಸುಮಾರು 293 ಗ್ರಾಂ. ಆ್ಯಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ 384 ಗ್ರಾಂ, 2020ರಲ್ಲಿ ಇಂಡಿಯಾಕ್ಕೆ ಬಂದಾಗ ಅದರ ಬೆಲೆ 59,900 ರೂಪಾಯಿ. ಲೋಹದ ಕಪ್ಪು, ನೋಡೋಕೆ ಒಡವೆ ಇದ್ದಂಗಿದೆ. ಅಂಗಡೀಲಿ ಐದು ನಿಮಿಷ ಹಾಕ್ಕೊಂಡ್ರೆ ಭಾರ ಗೊತ್ತಾಗಲ್ಲ, ಎರಡು ಗಂಟೆ ಮೀಟಿಂಗಲ್ಲಿ ಕೂತ್ರೆ ಕತ್ತು ಹೇಳುತ್ತೆ.

ಆದ್ರೆ ತೂಕ ಒಂದೇ ಅಲ್ಲ. ತಲೆಯನ್ನ ಎಷ್ಟು ಬಿಗಿಯಾಗಿ ಹಿಡಿಯುತ್ತೆ ಅನ್ನೋದು ಅದಕ್ಕಿಂತ ಮುಖ್ಯ. ಸೆನ್‌ಹೈಸರ್ ಎಚ್‌ಡಿ 600 ಅಂತ ಒಂದಿದೆ. 1997ರಿಂದ ಬರ್ತಿರೋ ವೈರ್ ಹೆಡ್‌ಫೋನ್, ತೂಕ ಸುಮಾರು 260 ಗ್ರಾಂ ಅಷ್ಟೇ. ಹೊಸದರಲ್ಲಿ ಇಕ್ಕಳ ಹಿಡಿದಂಗೆ ಹಿಡಿಯುತ್ತೆ. ಬಳಸ್ತಾ ಬಳಸ್ತಾ ಸಡಿಲ ಆಗುತ್ತೆ, ಆದ್ರೆ ಅಲ್ಲೀವರೆಗೆ ತಾಳ್ಮೆ ಬೇಕು. ಬೋಸ್‌ನವರ ಕ್ವಯಟ್‌ಕಂಫರ್ಟ್ ಹಾಕಿದ ಮೊದಲ ನಿಮಿಷದಿಂದಲೇ ಮೆತ್ತಗೆ ಕೂರುತ್ತೆ. ಕನ್ನಡಕ ಹಾಕೋರಿಗೆ ನನ್ನ ಮೊದಲ ಓಟು ಅದಕ್ಕೇ. ಇನ್ನೊಂದು ವಿಷಯ, ಕನ್ನಡಕದ ಕಡ್ಡಿ ದಪ್ಪ ಇದ್ರೆ ಕುಶನ್ ಪೂರ್ತಿ ಮುಚ್ಚಲ್ಲ. ಆ ಸಂದಿಯಿಂದ ಬೇಸ್ ಸೋರಿಹೋಗುತ್ತೆ. ಹೆಡ್‌ಫೋನ್ ಸರಿಯಿಲ್ಲ ಅಂತ ಬೈಯೋಕೆ ಮುಂಚೆ ಕನ್ನಡಕ ತೆಗೆದು ಒಂದ್ಸಲ ಕೇಳಿ.

ಮೂರನೇದು ಬೆವರು. ವಿದೇಶದಲ್ಲಿ ಕೂತು ವಿಮರ್ಶೆ ಮಾಡೋರಿಗೆ ನಮ್ಮ ಏಪ್ರಿಲ್ ಗೊತ್ತಿಲ್ಲ. ಕರೆಂಟ್ ಹೋಗಿ ಫ್ಯಾನ್ ನಿಂತಾಗ ಕೃತಕ ಚರ್ಮದ ಕುಶನ್ ಒಳಗೆ ಕಿವಿ ಬೆಂದುಹೋಗುತ್ತೆ. ಆ ಹೊದಿಕೆ ವರ್ಷ ಎರಡು ವರ್ಷಕ್ಕೆ ಕಪ್ಪು ಪುಡಿಯಾಗಿ ಉದುರೋಕೂ ಶುರುವಾಗುತ್ತೆ. ಮನೆಯಲ್ಲಷ್ಟೇ ಬಳಸೋರಿಗೆ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಥರದ ಮಖಮಲ್ಲಿನ ಕುಶನ್ ಇರೋದು ವಾಸಿ, ಗಾಳಿ ಆಡುತ್ತೆ. ಯಾವುದೇ ತಗೊಳ್ಳಿ, ಕುಶನ್ ಬಿಡಿಯಾಗಿ ಸಿಗುತ್ತಾ ಅಂತ ಕೇಳಿಯೇ ದುಡ್ಡು ಕೊಡಿ.

ಸದ್ದು ಮುಚ್ಚೋದು ಬೇರೆ, ಹಾಡು ಕೇಳೋದು ಬೇರೆ

ನಾಯ್ಸ್ ಕ್ಯಾನ್ಸಲಿಂಗ್ ಅಂದ್ರೆ ಏನು ಅಂತ ಬಹಳ ಜನಕ್ಕೆ ಗೊಂದಲ. ಹೊರಗಿನ ಸದ್ದನ್ನ ಹೆಡ್‌ಫೋನಿನ ಪುಟ್ಟ ಮೈಕ್ ಕೇಳಿಸಿಕೊಳ್ಳುತ್ತೆ. ಒಳಗಿನ ಚಿಪ್ ಅದಕ್ಕೆ ಸರಿಯಾಗಿ ಉಲ್ಟಾ ಅಲೆ ಹುಟ್ಟಿಸುತ್ತೆ. ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕ್ತವೆ. ಬಂಗಾಳಿ ಮೂಲದ ಅಮರ್ ಬೋಸ್‌ಗೆ 1978ರಲ್ಲಿ ವಿಮಾನದಲ್ಲಿ ಬರುವಾಗ ಎಂಜಿನ್ ಸದ್ದಿಗೆ ರೋಸಿಹೋಗಿ ಹೊಳೆದದ್ದು ಇದು. ಅವರ ಕಂಪನಿ ಪೈಲಟ್‌ಗಳಿಗಾಗಿ ಇದನ್ನ ಮಾರಾಟಕ್ಕೆ ತಂದಿದ್ದು 1989ರಲ್ಲಿ.

ಒಂದೇ ಸಮ ಬರೋ ಸದ್ದಿಗೆ ಇದು ರಾಮಬಾಣ. ಶ್ರೀರಂಗಪಟ್ಟಣದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗೋನಿಗೆ, ನಾಗಮಂಗಲದಿಂದ ಕೆಂಪು ಬಸ್ಸಲ್ಲಿ ಎಂಜಿನ್ ಪಕ್ಕದ ಸೀಟು ಸಿಕ್ಕೋನಿಗೆ ನಿಜಕ್ಕೂ ಉಪಯೋಗ. ಆದ್ರೆ ಹಾರ್ನ್, ತಮಟೆ, ಪಕ್ಕದ ಸೀಟಿನವರ ಫೋನ್ ಮಾತು ಇವೆಲ್ಲ ತೆಳ್ಳಗಾದ್ರೂ ಕೇಳೇ ಕೇಳುತ್ತೆ. ಟ್ರ್ಯಾಕ್ಟರ್ ಎಂಜಿನ್ ಮಾಯ ಆಗುತ್ತೆ, ಅದರ ಮೇಲಿನ ಹಾಡು ಮಾಯ ಆಗಲ್ಲ! ಇದನ್ನ ನಿರೀಕ್ಷೆ ಮಾಡಿ ಮೋಸ ಹೋದೋರು ಇದ್ದಾರೆ.

ಈಗ ಬರೀ ಧ್ವನಿ ಮಾತಾಡೋಣ. ನನ್ನ ಪರೀಕ್ಷೆ ಯಾವಾಗ್ಲೂ ಒಂದೇ. ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರ ಮಲ್ಲಿಗೆ’ಗೆ ಸಿ. ಅಶ್ವತ್ಥ್ ರಾಗ ಹಾಕಿರೋ ಹಾಡುಗಳನ್ನ ಹಾಕ್ತೀನಿ. ಡಿಜೆ ಹಾಡಲ್ಲಿ ಎಲ್ಲ ಹೆಡ್‌ಫೋನೂ ಹುಲಿನೇ. ಭಾವಗೀತೇಲಿ ಹಾಡೋರು ಉಸಿರು ತಗೊಳ್ಳೋದು, ತಬಲದ ಎಡಗೈ ಪೆಟ್ಟು, ಹಿಂದೆ ಬರೋ ಕೊಳಲು ಬೇರೆ ಬೇರೆಯಾಗಿ ಕೇಳ್ಬೇಕು. ಸೋನಿ ಇಲ್ಲಿ ಬೇಸ್ ಸ್ವಲ್ಪ ಜಾಸ್ತಿ ತಳ್ಳುತ್ತೆ, ಗಂಡು ದನಿ ಗುಂಡಗಾಗುತ್ತೆ. ಅದರ ಆ್ಯಪಲ್ಲಿ ಕಡಿಮೆ ಮಾಡ್ಕೋಬಹುದು. ಮೊಮೆಂಟಮ್ 4 ಇನ್ನಷ್ಟು ಬಿಡಿಸಿ ಹೇಳುತ್ತೆ, ಜೊತೆಗೆ 60 ಗಂಟೆ ಚಾರ್ಜ್ ನಿಲ್ಲುತ್ತೆ ಅಂತ ಕಂಪನಿ ಲೆಕ್ಕ. ಎಚ್‌ಡಿ 600ರಲ್ಲಿ ಕೇಳಿದಾಗ ಮಾತ್ರ ನಾನು ಹಾಡು ನಿಲ್ಲಿಸಿ ಮತ್ತೆ ಮೊದಲಿಂದ ಹಾಕಿದೆ. ಹಾಡೋರು ಪಡಸಾಲೇಲಿ ಕೂತಂಗೆ.

ಕಾರಣ ಇದೆ. ಅದರ ಹಿಂಭಾಗ ಜಾಲರಿ, ಮುಚ್ಚಿಲ್ಲ. ಸದ್ದು ಒಳಗೆ ಗುಯ್‌ಗುಟ್ಟದೆ ಹೊರಗೆ ಹೋಗುತ್ತೆ. ಅದೇ ಅದರ ತೊಂದರೆನೂ ಹೌದು. ಪಕ್ಕದಲ್ಲಿ ಮಲಗಿರೋರಿಗೂ ಹಾಡು ಕೇಳುತ್ತೆ, ಹೊರಗಿನ ನಾಯಿ ಬೊಗಳೋದು ನಿಮಗೂ ಕೇಳುತ್ತೆ. ಬಸ್ಸಿಗಂತೂ ಆಗಲ್ಲ. ಜೊತೆಗೆ ಅದು 300 ಓಮ್‌ನದ್ದು, ಮೊಬೈಲಿಗೆ ನೇರ ಹಾಕಿದ್ರೆ ದನಿ ಸಣ್ಣಗೆ, ಸಪ್ಪೆ. ಒಂದು ಪುಟ್ಟ ಆ್ಯಂಪ್ ತಗೋಬೇಕು, ಅದರ ಖರ್ಚು ಬೇರೆ.

ದೊಡ್ಡ ಡ್ರೈವರ್ ಇದ್ರೆ ದೊಡ್ಡ ಧ್ವನಿ ಅನ್ನೋ ಮಾತೂ ಅಂಗಡಿಗಳಲ್ಲಿ ಓಡ್ತಿದೆ. ಸೋನಿಯವರೇ ಎಕ್ಸ್‌ಎಂ4ರ 40 ಮಿಲಿಮೀಟರ್ ಡ್ರೈವರನ್ನ ಎಕ್ಸ್‌ಎಂ5ರಲ್ಲಿ 30ಕ್ಕೆ ಇಳಿಸಿದ್ರು. ಆದ್ರೆ ಎಕ್ಸ್‌ಎಂ5 ಮಡಚೋಕೆ ಆಗಲ್ಲ, ಬ್ಯಾಗಲ್ಲಿ ಜಾಗ ತಿನ್ನುತ್ತೆ. 2025ರ ಎಕ್ಸ್‌ಎಂ6ರಲ್ಲಿ ಮತ್ತೆ ಮಡಚೋ ಹಾಗೆ ಮಾಡಿದ್ದಾರೆ. ವಾಟ್ಸ್‌ಆ್ಯಪಲ್ಲಿ ಬಂದ ಹಾಡನ್ನ ಇವುಗಳಲ್ಲಿ ಹಾಕಿದ್ರೆ ಮೂರು ಸಾವಿರದ್ದಕ್ಕೂ ಮೂವತ್ತು ಸಾವಿರದ್ದಕ್ಕೂ ವ್ಯತ್ಯಾಸ ಹುಡುಕಬೇಕು. ಹಾಡಿನ ಫೈಲೇ ಹಿಂಡಿ ಹಿಪ್ಪೆಯಾಗಿರುತ್ತೆ.

ಕಿವಿ ವಿಚಾರ ಬಿಡೋ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. 90 ಡೆಸಿಬಲ್‌ಗೆ ಹೋದ್ರೆ ವಾರಕ್ಕೆ ಬರೀ 4 ಗಂಟೆ. ಬಸ್ಸಿನ ಸದ್ದು ಮೀರಿಸೋಕೆ ನಾವು ವಾಲ್ಯೂಮ್ ಏರಿಸೋದೇ ಅಪಾಯ. ನಾಯ್ಸ್ ಕ್ಯಾನ್ಸಲಿಂಗ್‌ಗೆ ಕೊಟ್ಟ ದುಡ್ಡು ವಸೂಲಾಗೋದು ಇಲ್ಲೇ, ಕಡಿಮೆ ವಾಲ್ಯೂಮಲ್ಲೇ ಎಲ್ಲ ಕೇಳುತ್ತೆ. ಬೈಕಲ್ಲಿ ಮಾತ್ರ ಬೇಡವೇ ಬೇಡ, ಹಿಂದಿನ ಲಾರಿ ಹಾರ್ನ್ ಕೇಳ್ಬೇಕು.

ಇನ್ನು, 34,990 ರೂಪಾಯಿ ಎಂಆರ್‌ಪಿಯ ಎಕ್ಸ್‌ಎಂ5 ಹೊಸ ಪೀಸು 1,800ಕ್ಕೆ ಸಿಕ್ತು ಅಂತ ಯಾರಾದ್ರೂ ತೋರಿಸಿದ್ರೆ ಅದು ಫಸ್ಟ್ ಕಾಪಿ. ಸೋನಿ ಆ್ಯಪಿಗೆ ಜೋಡಿಸಿ ನೋಡಿ, ಜಿಎಸ್‌ಟಿ ಬಿಲ್, ವಾರಂಟಿ ಕೇಳಿ.

ಅಂಗಡಿಯವರಿಗೆ ಒಂದು ಮಾತು. ನಮ್ಮ ನಾಲ್ಕು ತಾಲ್ಲೂಕಿನ ಹುಡುಗ್ರು ಹಾಕಿ ನೋಡೋಕೆ ಅಂತ ಮೈಸೂರಿಗೆ ಬಸ್ ಹತ್ತುತ್ತಿದ್ದಾರೆ. ಹೋದೋರು ಅಲ್ಲೇ ದುಡ್ಡು ಕೊಟ್ಟು ಬರ್ತಾರೆ. ಎಲ್ಲ ಮಾಡೆಲ್ ತರಿಸೋದು ಬೇಡ, ಡೆಮೊಗೆ ಅಂತ ಒಂದೋ ಎರಡೋ ಪೀಸ್ ತೆರೆದಿಡಿ, ಒಂದು ಕುರ್ಚಿ ಹಾಕಿ, ಗಿರಾಕಿನ ಅರ್ಧ ಗಂಟೆ ಕೂರಿಸಿ. ನನಗೆ ಆ ಅರ್ಧ ಗಂಟೆ ಸಿಕ್ಕಿದ್ದಿದ್ರೆ ಚೀಟಿ ದುಡ್ಡು ಉಳೀತಿತ್ತು.