ಬೀಜಗಳ ಮಳೆಗಾಲ

ಬೀಜಕ್ಕೆ ಬಿಟ್ಟ ಹೀರೆಕಾಯಿ ಬಳ್ಳಿಯಲ್ಲೇ ಒಣಗುವುದನ್ನು ನೋಡಲು ಪುರುಸೊತ್ತು ಬೇಕು. ಏಣುಗಳ ನಡುವಿನ ಹಸಿರು ಮೊದಲು ಮಾಸಲು ಹಳದಿಗೆ ತಿರುಗುತ್ತದೆ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ, ಕಡೆಗೆ ತರಗೆಲೆಯ ಕಂದಿಗೆ. ಸಿಪ್ಪೆ ತೆಳುವಾಗಿ, ಒಳಗಿನ ನಾರಿನ ಬಲೆ ಬೆರಳಿಗೆ ತಾಕತೊಡಗುತ್ತದೆ. ಒಂದು ದಿನ ಕಾಯಿಯ ಕೆಳತುದಿಯಲ್ಲಿ, ಹೂವು ಕಳಚಿದ ಜಾಗದಲ್ಲಿ, ಪುಟ್ಟ ಮುಚ್ಚಳವೊಂದು ಬಿಚ್ಚಿಕೊಂಡು ಉದುರುತ್ತದೆ. ಗಾಳಿಗೆ ಕಾಯಿ ತೂಗಿದಾಗಲೆಲ್ಲ ಕಡುಗಪ್ಪು ಬೀಜಗಳು ಗಲಗಲ ಅಲುಗಿ, ಒಂದೊಂದಾಗಿ ಜಾರಿ ಬೀಳುತ್ತವೆ. ಬಳ್ಳಿ ತಾನೇ ಬೀಜ ಚೆಲ್ಲಲು ಅಣಿಯಾದ ಈ ಹೊತ್ತಿಗೇ ನಾನು ಕಾಯಿ ಕೊಯ್ಯುವುದು. ಅದಕ್ಕೂ ಮುಂಚೆ ಅವಸರ ಮಾಡಿ ಕೊಯ್ದ ಕಾಯಿಯ ಬೀಜ ಜೊಳ್ಳಾಗಿರುತ್ತದೆ.

ಕೊಯ್ದ ಮೇಲೆ ಒಣಗಿಸುವ ಕೆಲಸ. ಹಸಿ ಬೀಜಕ್ಕೆ ನಡುಹಗಲ ಬಿಸಿಲು ಒಳ್ಳೆಯದಲ್ಲ, ಒಳಗಿನ ಮೊಳಕೆ ಬೇಯುತ್ತದೆ. ಅಂಗಳದಲ್ಲಿ ಬೆಳಗಿನ ಎಳೆಬಿಸಿಲು, ಬಳಿಕ ಜಗುಲಿಯ ನೆರಳು, ಸಂಜೆಯ ತಂಪು ಇಳಿಯುವ ಮೊದಲು ಒಳಮನೆ. ಹೀರೆ, ಸೌತೆ, ಕುಂಬಳದ ಬೀಜ ಬಗ್ಗಿಸಿದರೆ ಬಳುಕಬಾರದು, ಪಟ್ಟನೆ ಮುರಿಯಬೇಕು. ಅಲಸಂದೆ ಕಾಳನ್ನು ಕಚ್ಚಿದರೆ ಹಲ್ಲಿನ ಗುರುತು ಬೀಳಬಾರದು. ಇಷ್ಟು ಒಣಗಿದ ಮೇಲೂ ಬೀಜ ಸತ್ತಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಉಸಿರಾಡುತ್ತ, ತನ್ನ ಬುತ್ತಿಯನ್ನು ತಾನೇ ಉಣ್ಣುತ್ತ ಇರುತ್ತದೆ. ಕಾಪಿಡುವುದು ಎಂದರೆ ಆ ಉಸಿರನ್ನು ಇನ್ನಷ್ಟು ನಿಧಾನಗೊಳಿಸುವುದು. ಹ್ಯಾರಿಂಗ್ಟನ್ ಎಂಬ ಬೀಜವಿಜ್ಞಾನಿ ಇದಕ್ಕೊಂದು ಸ್ಥೂಲ ಲೆಕ್ಕ ಕೊಟ್ಟಿದ್ದಾರೆ: ತೇವಾಂಶ ಶೇಕಡಾ 1ರಷ್ಟು ಇಳಿದರೆ ಬೀಜದ ಆಯುಸ್ಸು ಸುಮಾರು ಇಮ್ಮಡಿ, ಇಟ್ಟ ಜಾಗದ ಬಿಸಿ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೆ ಇಮ್ಮಡಿ.

ಆದರೆ ಅಲಸಂದೆಯ ಶತ್ರು ತೇವ ಒಂದೇ ಅಲ್ಲ. ಕುಟ್ಟೆ ಹುಳ ಹೊಲದಲ್ಲೇ, ಒಣಗುತ್ತಿರುವ ಕೋಡಿನ ಮೇಲೇ, ಜೊತೆ ಸೇರಿಕೊಳ್ಳುತ್ತದೆ. ಗಾಜಿನ ಲೋಟವೊಂದರಲ್ಲಿ ಒಂದು ಹಿಡಿ ಕಾಳಿನ ಜೊತೆ ಹುಳಗಳನ್ನೂ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಭೂತಗನ್ನಡಿ ಹಿಡಿದು ನೋಡಿದ್ದೇನೆ. ಮೂರು ಮಿಲಿಮೀಟರಿನಷ್ಟೇ ಉದ್ದ, ಕೆಂಗಂದು ಮೈ, ರೆಕ್ಕೆಗವಚದ ಮೇಲೆ ಕಪ್ಪು ಮಚ್ಚೆ. ಹೆಣ್ಣು ಕಾಳಿನ ಮೇಲೆ ಹರಿದಾಡುತ್ತದೆ, ನಿಲ್ಲುತ್ತದೆ, ಮೀಸೆಯಿಂದ ತಡವುತ್ತದೆ, ಮತ್ತೆ ಸುತ್ತು ಬರುತ್ತದೆ. ನುಣುಪಾದ ಜಾಗ ಒಪ್ಪಿಗೆಯಾದ ಮೇಲೆ ಹೊಟ್ಟೆಯ ತುದಿ ಊರಿ, ಒಂದೇ ಒಂದು ಮೊಟ್ಟೆ ಅಂಟಿಸಿ, ಮುಂದಿನ ಕಾಳಿಗೆ ದಾಟುತ್ತದೆ. ಆಗ ತಾನೇ ಇಟ್ಟ ಮೊಟ್ಟೆ ನೀರಹನಿಯ ಹಾಗೆ ಪಾರದರ್ಶಕ. ಕೆಲವು ದಿನಗಳಲ್ಲಿ ಅದು ಸುಣ್ಣದ ಬಿಳುಪಿಗೆ ತಿರುಗುತ್ತದೆ. ಮರಿ ಹೊರಗೆ ತಲೆ ಹಾಕದೆಯೇ ಮೊಟ್ಟೆಯ ತಳದಿಂದ ನೇರ ಕಾಳಿನೊಳಕ್ಕೆ ಕೊರೆದುಕೊಂಡು ಹೋಗಿ, ಕೊರೆದ ಹುಡಿಯನ್ನು ಹಿಂದಿನ ಚಿಪ್ಪಿಗೆ ತುಂಬಿರುತ್ತದೆ. ಆ ಬಿಳುಪು ಅದೇ ಹುಡಿಯದು.

ಆಮೇಲೆ ವಾರಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ಕೊನೆಗೆ ಕಾಳಿನ ಸಿಪ್ಪೆಯಲ್ಲಿ ಒಂದು ದುಂಡನೆಯ ನಸುಗಪ್ಪು ಕಿಟಕಿ ಮೂಡುತ್ತದೆ. ಒಳಗಿನದು ಗೋಡೆಯನ್ನು ಸಿಪ್ಪೆಯೊಂದೇ ಉಳಿಯುವಷ್ಟು ತೆಳುವಾಗಿ ಕೆರೆದಿರುತ್ತದೆ. ಒಂದು ಮಧ್ಯಾಹ್ನ ಆ ಬಿಲ್ಲೆಯ ಅಂಚು ಬಿರಿದು, ಮೇಲೆದ್ದು, ಮೊದಲು ಮೀಸೆ, ಆಮೇಲೆ ತಲೆ, ಮುಂಗಾಲು ಹೊರಬಂದವು. ಪೂರ್ತಿ ಹೊರಬಂದ ಹುಳ ತುಸು ಹೊತ್ತು ಅಲ್ಲಾಡದೆ ನಿಂತಿತು. ಬೆಳೆದ ಮೇಲೆ ಅದಕ್ಕೆ ತಿನ್ನುವ ಗರಜಿಲ್ಲ, ಬೇಕಾದ್ದನ್ನೆಲ್ಲ ಒಳಗೇ ತಿಂದು ಮುಗಿಸಿರುತ್ತದೆ. ಉಳಿದ ಕೆಲವೇ ದಿನ ಜೋಡಿ ಹುಡುಕುವುದಕ್ಕೆ, ಮೊಟ್ಟೆಗೆ. ಬಿತ್ತನೆ ಕಾಳನ್ನು ಹಾಳುಮಾಡುವ ಜೀವವಾದರೂ ಅದರ ಕುಸುರಿಗೆ ನಾನು ಮನಸೋತಿದ್ದೇನೆ.

ಇದನ್ನು ನೋಡಿದ ಮೇಲೆಯೇ ಒಲೆಬೂದಿಯ ಬೆಲೆ ನನಗೆ ಅರ್ಥವಾದದ್ದು. ನಮ್ಮ ಮಲೆನಾಡಿನ ಹೆಂಗಸರು ಬೀಜವನ್ನು ಜರಡಿ ಹಿಡಿದ ಬೂದಿಯಲ್ಲಿ ಹೊರಳಿಸಿ, ಸೋರೆಬುರುಡೆಗೋ ಮಣ್ಣಿನ ಗಡಿಗೆಗೋ ತುಂಬಿ, ಅಟ್ಟದಲ್ಲಿ ಒಲೆಯ ಹೊಗೆ ತಾಗುವಲ್ಲಿ ಇಡುತ್ತಿದ್ದರು. ಬೂದಿ ಕಾಳು ಕಾಳಿನ ನಡುವಿನ ಸಂದನ್ನೆಲ್ಲ ತುಂಬಿಬಿಡುತ್ತದೆ. ಹುಳಕ್ಕೆ ಓಡಾಡಲು ದಾರಿಯಿಲ್ಲ. ನುಗ್ಗಿದರೂ ಆ ನವುರು ಪುಡಿ ಅದರ ಮೈಮೇಲಿನ ಮೇಣವನ್ನು ಕೆರೆದು, ಒಳಗಿನ ನೀರು ಆರಿಸಿ ಕೊಲ್ಲುತ್ತದೆ.

ಆಷಾಢದಲ್ಲಿ ಇಲ್ಲಿ ಗೋಡೆಯೇ ಬೆವರುತ್ತದೆ, ಉಪ್ಪು ನೀರಾಗುತ್ತದೆ. ಎಷ್ಟೇ ಒಣಗಿದ ಬೀಜವೂ ಗಾಳಿಯ ಪಸೆಯನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಬಿಗಿ ಮುಚ್ಚಳದ ಗಾಜಿನ ಬಾಟಲಿಯ ತಳಕ್ಕೆ, ಚೆನ್ನಾಗಿ ಹುರಿದು ಮುಚ್ಚಿಟ್ಟು ಆರಿಸಿದ ಅಕ್ಕಿ ಹಾಕಿ, ಮೇಲೆ ಬೀಜದ ಪೊಟ್ಟಣ ಇಡುತ್ತೇನೆ. ಮಳೆ ಮುಗಿಯುವ ತನಕ ಮುಚ್ಚಳ ತೆಗೆಯುವುದಿಲ್ಲ. ಈ ಉಪಚಾರ ಹಲಸಿನ ಬೀಜಕ್ಕೆ ಮಾತ್ರ ಒಗ್ಗದು. ಹಲಸು, ಮಾವು ಒಣಗಿದರೆ ಸಾಯುವ ಜಾತಿ, ಹಣ್ಣು ತಿಂದ ಮಳೆಯಲ್ಲೇ ಮಣ್ಣು ಸೇರಬೇಕು.

ಮಣ್ಣಿನಡಿಯ ಬೀಜ ಎಷ್ಟು ಕಾಲ ಜೀವ ಹಿಡಿದಿರುತ್ತದೆಂದು ತಿಳಿಯಲು ಅಮೆರಿಕದ ಮಿಶಿಗನ್‌ನಲ್ಲಿ ಸಸ್ಯವಿಜ್ಞಾನಿ ವಿಲಿಯಂ ಬೀಲ್ 1879ರಲ್ಲಿ ಕಳೆಬೀಜ ತುಂಬಿದ 20 ಬಾಟಲಿಗಳನ್ನು ಹೂತಿಟ್ಟರು. ಈಗ ಅವುಗಳನ್ನು ಇಪ್ಪತ್ತು ವರ್ಷಕ್ಕೊಂದರಂತೆ ತೆಗೆಯುತ್ತಾರೆ. ಬಿಸಿಲು ತಾಗಿ ಬೀಜ ಎಚ್ಚರಗೊಳ್ಳದಿರಲೆಂದು ರಾತ್ರಿಯ ಕತ್ತಲಲ್ಲಿ ಅಗೆಯುತ್ತಾರೆ. 2021ರಲ್ಲಿ ತೆಗೆದ ಬಾಟಲಿಯಲ್ಲೂ ಕೆಲವು ಬೀಜ ಮೊಳೆತವು. ಆರಂಭಿಸಿದವರು ಕೊನೆಯನ್ನು ಕಾಣಲಾರದ ಕೆಲಸ ತಲೆಮಾರಿನಿಂದ ತಲೆಮಾರಿಗೆ ಕೈ ಬದಲಾಯಿಸುತ್ತ ಬಂದಿದೆ. ಅವರೆಲ್ಲರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಬಿತ್ತನೆಗೆ ಮುಂಚೆ ಹತ್ತು ಬೀಜ ಎಣಿಸಿ ಒದ್ದೆಬಟ್ಟೆಯಲ್ಲಿ ಸುತ್ತಿಡುತ್ತೇನೆ. ಹೊಸ ಅಲಸಂದೆ ಬೇಗನೆ ಉಬ್ಬಿ, ಸಿಪ್ಪೆ ಸೀಳಿ, ಹಾಲುಬಿಳಿ ಬೇರನ್ನು ಕೊಕ್ಕೆಯಾಗಿ ಬಾಗಿಸಿ ಇಳಿಸುತ್ತದೆ. ಹಳೆಯದೂ ಮೊಳೆಯುತ್ತದೆ, ಆದರೆ ತಡವಾಗಿ. ಬೇರು ಮೋಟು, ಕೆಲವದರ ತುದಿ ಕಂದು. ಬೀಜದ ಕಸುವು ಜೀವಕ್ಕಿಂತ ಮೊದಲೇ ಕುಂದುತ್ತದೆ ಎಂಬುದನ್ನು ಈ ತಡದಿಂದಲೇ ಓದಬಹುದು. ತಡಮಾಡಿದ ತಳಿಯನ್ನು ನಾನು ಮತ್ತೆ ಬಾಟಲಿಗೆ ಸೇರಿಸುವುದಿಲ್ಲ. ಗುಳಿಗೆ ಒಂದು ಕಾಳು ಹೆಚ್ಚೇ ಹಾಕಿ, ಈ ಸಲವೇ ಬಿತ್ತಿ, ಅದರ ಮೊದಲ ಒಳ್ಳೆಯ ಕೋಡುಗಳನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಿಡುತ್ತೇನೆ.