ತಿಂಗಳ ಪಗಾರ ಅಲ್ಲ, ವರ್ಷದ ಲೆಕ್ಕ ಕೇಳಿ

‘ಎಂ.ಎ. ಮಾಡಿ ಲೆಕ್ಚರರ್ ಆಗಬೇಕಂತೀನ್ರಿ ಸರ್. ಪಗಾರ ಎಷ್ಟ್ ಬರ್ತದ್ರಿ?’

ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಪ್ರತಿ ವರ್ಷ ಈ ಪ್ರಶ್ನೆ ಕೇಳುತ್ತಾರೆ. ಕಲಬುರಗಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಹುಮನಾಬಾದ್ ಕಡೆಯ ಬಸ್ ಹತ್ತಿ ಕಮಲಾಪುರ ತಾಲ್ಲೂಕಿನ ಸರ್ಕಾರಿ ಕಾಲೇಜೊಂದಕ್ಕೆ ಹೋಗಿಬರುವ ಅತಿಥಿ ಉಪನ್ಯಾಸಕ ನಾನು. ಕೆ–ಸೆಟ್ ಪಾಸಾಗಿದ್ದೇನೆ, ಸೇವೆ ಐದು ವರ್ಷ ತುಂಬಿಲ್ಲ. ನನ್ನ ತಿಂಗಳ ಗೌರವಧನ 35 ಸಾವಿರ ರೂಪಾಯಿ.

ಇದು ಸುಲಭವಾಗಿ ಬಂದದ್ದಲ್ಲ. 2022ರ ಜನವರಿಗೆ ಮೊದಲು ನೆಟ್, ಸೆಟ್ ಅಥವಾ ಪಿಎಚ್.ಡಿ. ಇದ್ದವರಿಗೆ 13 ಸಾವಿರ, ಇಲ್ಲದವರಿಗೆ 11 ಸಾವಿರ ಸಿಗುತ್ತಿತ್ತು. ತರಗತಿ ಬಹಿಷ್ಕರಿಸಿ ಹೋರಾಡಿದ ಮೇಲೆ ಅದು 26ರಿಂದ 32 ಸಾವಿರಕ್ಕೆ ಏರಿತು. ಜೊತೆಗೆ ವಾರಕ್ಕೆ 15 ಗಂಟೆಗಳ ಕಾರ್ಯಭಾರವೂ ನಿಗದಿಯಾಯಿತು. ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರ ಪಾಲಾಗಿ, ಎಷ್ಟೋ ಮಂದಿ ಹೊರಗುಳಿದರು. 2023ರ ಕೊನೆಯಲ್ಲಿ ಕಾಯಂಗಾಗಿ ಮತ್ತೆ ಮುಷ್ಕರ ನಡೆಯಿತು. ಸಿಕ್ಕಿದ್ದು ಕಾಯಮಾತಿ ಅಲ್ಲ, ಸೇವಾವಧಿಗೆ ತಕ್ಕಂತೆ 5ರಿಂದ 8 ಸಾವಿರದ ಹೆಚ್ಚಳ.

ಹಾಗಾಗಿ 35 ಸಾವಿರ ಎಂದ ಕೂಡಲೇ ಹುಡುಗರ ಮುಖ ಅರಳುತ್ತದೆ. ಆಗ ನಾನು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತೇನೆ.

ಪಗಾರ ಬರುವುದು ಪಾಠ ನಡೆಯುವ ತಿಂಗಳುಗಳಿಗೆ ಮಾತ್ರ. ಕಳೆದ ಶೈಕ್ಷಣಿಕ ವರ್ಷದಲ್ಲಿ ನನಗೆ 9 ತಿಂಗಳ ಹಣ ಬಂತು. ಅಂದರೆ 3.15 ಲಕ್ಷ. ಅದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 26,250 ರೂಪಾಯಿ. ಅದರಲ್ಲೇ ಕೋಣೆ ಬಾಡಿಗೆ, ಬಸ್ ಖರ್ಚು, ಊರಿಗೆ ಕಳಿಸುವ ದುಡ್ಡು. ಬೇಸಿಗೆ ರಜೆಯಲ್ಲಿ ಕೋಚಿಂಗ್ ಸೆಂಟರ್‌ನಲ್ಲಿ ಪಾಠ ಹೇಳುತ್ತೇನೆ. ಮರುವರ್ಷ ಮತ್ತೆ ಅರ್ಜಿ, ಮತ್ತೆ ಮೆರಿಟ್ ಪಟ್ಟಿ. ನಮ್ಮ ವಿಷಯಕ್ಕೆ ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ ನಮ್ಮ ಗಂಟೆಗಳು ಅವರಿಗೆ ಹೋಗುತ್ತವೆ. ಮದುವೆ ಮಾತುಕತೆಯಲ್ಲಿ ಹುಡುಗಿ ಕಡೆಯವರು ಕೇಳುವುದು ಒಂದೇ: ‘ನೌಕರಿ ಪರ್ಮನೆಂಟ್ ಅದಏನು?’

ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನವೇ 57,700 ರೂಪಾಯಿ, ತುಟ್ಟಿಭತ್ಯೆ ಬೇರೆ. ಯುಜಿಸಿ 2019ರಲ್ಲಿ ಅತಿಥಿ ಬೋಧಕರಿಗೆ ಪ್ರತಿ ಪಾಠಕ್ಕೆ 1,500, ತಿಂಗಳಿಗೆ ಗರಿಷ್ಠ 50 ಸಾವಿರ ಎಂದು ನಿಗದಿ ಮಾಡಿತ್ತು. ವಾರಕ್ಕೆ 15 ಗಂಟೆಯಂತೆ ಲೆಕ್ಕ ಹಾಕಿದರೆ ನನಗೆ ಗಂಟೆಗೆ ಬೀಳುವುದು ಸುಮಾರು 580. 2025ರ ಆಗಸ್ಟ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ಕಾಯಂ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಬೇಕು ಎಂದಿತು. ನಾವು ಕೇಳುತ್ತಿರುವುದೂ ಅದನ್ನೇ.

ಇಷ್ಟಾದರೂ ಏಕೆ ಬಿಟ್ಟಿಲ್ಲ? ಕಮಲಾಪುರದ ಕಡೆ ಕೆಂಪು ಬಾಳೆ, ತೊಗರಿ ಬೆಳೆಯುವ ಮನೆಗಳಿಂದ ಬರುವ ಹುಡುಗ ಹುಡುಗಿಯರಲ್ಲಿ ಹಲವರು ತಮ್ಮ ಮನೆಯ ಮೊದಲ ಪದವೀಧರರು. ಒಂದು ಸೆಮಿಸ್ಟರ್ ತಡವಾಗಿ ಉಪನ್ಯಾಸಕರು ಬಂದರೆ ಅರ್ಧ ಸಿಲೆಬಸ್ ಓದದೆ ಪರೀಕ್ಷೆಗೆ ಕೂರುವವರು ಇವರೇ. ನಮ್ಮ ಅಭದ್ರತೆಯ ಬೆಲೆಯನ್ನು ಅವರೂ ತೆರುತ್ತಾರೆ.

ಈ ದಾರಿ ಹಿಡಿಯುವವರಿಗೆ ನನ್ನ ಮಾತು ಇಷ್ಟು. ಸ್ನಾತಕೋತ್ತರದ ಕೊನೆಯ ವರ್ಷದಲ್ಲೇ ನೆಟ್, ಕೆ–ಸೆಟ್ ಬರೆಯಿರಿ. ಶೇ 55ರ ಅಂಕ (ಮೀಸಲಾತಿ ಇದ್ದವರಿಗೆ ಶೇ 50) ಕೈತಪ್ಪದಂತೆ ನೋಡಿಕೊಳ್ಳಿ. ಕೆಲಸಕ್ಕೆ ಸೇರಿದರೆ ಆದೇಶದ ಪ್ರತಿ, ಸೇವಾ ಪ್ರಮಾಣಪತ್ರ ಪ್ರತಿ ವರ್ಷ ಪಡೆದು ಕಡತ ಮಾಡಿಡಿ. ಸೇವಾವಧಿ ಲೆಕ್ಕಕ್ಕೆ ಬರುವುದು ಅದರಿಂದಲೇ. ಬೇರೆ ಪರೀಕ್ಷೆಗಳ ಓದನ್ನೂ ನಿಲ್ಲಿಸಬೇಡಿ. ನಾನೂ ನಿಲ್ಲಿಸಿಲ್ಲ, ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಅಲ್ಲೇ ಓದುತ್ತೇನೆ.