ರಕ್ತನಾಳ ಬೆಸೆಯುವ ಸಾಧನಗಳು: ವರ್ತಕರು ಅರಿಯಬೇಕಾದುದು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆಗಳಲ್ಲಿ ಶಸ್ತ್ರಚಿಕಿತ್ಸಾ ಸಾಮಗ್ರಿಗಳ ವ್ಯಾಪಾರಕ್ಕೆ ತೊಡಗುವವರು ರಕ್ತನಾಳ ಬೆಸೆಯುವ ಸಾಧನಗಳ ಗುಣದೋಷಗಳನ್ನು ತಿಳಿದಿರುವುದು ಅವಶ್ಯಕ. ಇವುಗಳ ಸಾಮರ್ಥ್ಯವನ್ನು ಒರೆಗೆ ಹಚ್ಚುವ ಸಂದರ್ಭಗಳಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯೂ ಒಂದು.

ಇಂತಹ ಚಿಕಿತ್ಸೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಸ್ಲೀವ್ ಗ್ಯಾಸ್ಟ್ರೆಕ್ಟಮಿ’. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸಿ, ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯಲಾಗುತ್ತದೆ. ಅದಕ್ಕೆ ಮೊದಲು ಜಠರದ ಹೊರ ಅಂಚಿನುದ್ದಕ್ಕೂ ಕೊಬ್ಬಿನ ಪದರದಲ್ಲಿರುವ ರಕ್ತನಾಳಗಳನ್ನು ಮುಚ್ಚಿ ಕತ್ತರಿಸಬೇಕು. ಮೇಲ್ತುದಿಯ ನಾಳಗಳು ಗುಲ್ಮಕ್ಕೆ ತೀರ ಸಮೀಪದಲ್ಲಿವೆ. ಅಲ್ಲಿ ರಕ್ತ ಒಸರಿದರೆ ತಡೆಯುವುದು ಕಷ್ಟಸಾಧ್ಯ.

ಎರಡು ವಿಧಾನಗಳು

ಮೊದಲನೆಯದು ಬೈಪೋಲಾರ್ ಸಾಧನ. ಲಿಗಾಶ್ಯೂರ್ ಇದಕ್ಕೆ ಉದಾಹರಣೆ. ಇಕ್ಕಳದ ದವಡೆಗಳು ನಾಳವನ್ನು ಒತ್ತಿ ಹಿಡಿದು ವಿದ್ಯುತ್ ಹರಿಸುತ್ತವೆ. ನಾಳದ ಗೋಡೆಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಅಂಗಾಂಶದ ವಿದ್ಯುತ್ ರೋಧವನ್ನು ಯಂತ್ರವೇ ಅಳೆದು ಪ್ರವಾಹವನ್ನು ನಿಲ್ಲಿಸುತ್ತದೆ. ಬಳಿಕ ಅಲಗು ಕತ್ತರಿಸುತ್ತದೆ. 7 ಮಿ.ಮೀ. ವ್ಯಾಸದವರೆಗಿನ ನಾಳಗಳಿಗೆ ಇದು ಸೂಕ್ತ.

ಎರಡನೆಯದು ಅಲ್ಟ್ರಾಸಾನಿಕ್ ಸಾಧನ, ಉದಾಹರಣೆಗೆ ಹಾರ್ಮೋನಿಕ್. ಇದರ ಅಲಗು ಸೆಕೆಂಡಿಗೆ ಸುಮಾರು 55,500 ಬಾರಿ ಕಂಪಿಸಿ, ಬೆಸುಗೆ ಮತ್ತು ಕಡಿತ ಎರಡನ್ನೂ ಒಟ್ಟಿಗೇ ಮಾಡುತ್ತದೆ. ರೋಗಿಯ ದೇಹದಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಅಲಗು ಕೆಲಹೊತ್ತು ಬಿಸಿಯಾಗಿಯೇ ಇದ್ದು, ಜಠರಕ್ಕೆ ತಗುಲಿದರೆ ಸುಡುವ ಅಪಾಯವಿದೆ. ಹಳೆಯ ಮಾದರಿಗಳ ಮಿತಿ 5 ಮಿ.ಮೀ.; ಹೊಸ ಕೆಲವು ಮಾದರಿಗಳದು 7 ಮಿ.ಮೀ. ಥಂಡರ್‌ಬೀಟ್ ಎಂಬ ಸಾಧನದಲ್ಲಿ ಎರಡೂ ಶಕ್ತಿಗಳು ಕೂಡಿವೆ.

ಒಂದು ವಿಧಾನವೇ ಸರ್ವಥಾ ಶ್ರೇಷ್ಠವೆಂದು ಹೇಳಲಾಗದು. ವೈದ್ಯರ ತರಬೇತಿ ಮತ್ತು ರೂಢಿಯೇ ಆಯ್ಕೆಯಲ್ಲಿ ನಿರ್ಣಾಯಕ.

ವೆಚ್ಚ ಮತ್ತು ಹೊಣೆ

ಜನರೇಟರಿನ ಬೆಲೆಯೊಂದನ್ನೇ ನೋಡಿ ಕೊಳ್ಳುವುದು ಸರಿಯಲ್ಲ. ಬಹುಪಾಲು ಹ್ಯಾಂಡ್‌ಪೀಸ್‌ಗಳು ಒಂದೇ ಬಳಕೆಗೆ ಸೀಮಿತ. ಸಾಮಾನ್ಯವಾಗಿ ಒಂದು ಕಂಪನಿಯದು ಮತ್ತೊಂದರ ಯಂತ್ರಕ್ಕೆ ಹೊಂದದು. ಆದ್ದರಿಂದ ಪ್ರತಿ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಲೆಕ್ಕ ಹಾಕಬೇಕು. ನಡುವೆ ಹ್ಯಾಂಡ್‌ಪೀಸ್ ಕೆಟ್ಟರೆ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನಿಂದ ತರಿಸಿಕೊಳ್ಳುವಷ್ಟು ಸಮಯವಿರುವುದಿಲ್ಲ. ಊರಿನಲ್ಲೇ ದಾಸ್ತಾನಿಡುವ ವರ್ತಕರ ಸೇವೆಗೆ ಬೆಲೆ ಬರುವುದು ಇಲ್ಲಿಯೇ. ಗರ್ಭಕೋಶದ ಶಸ್ತ್ರಚಿಕಿತ್ಸೆಯಲ್ಲಿಯೂ ಇವು ಬಳಕೆಯಾಗುವುದರಿಂದ ದಾಸ್ತಾನು ಒಂದೇ ಬಗೆಯ ಚಿಕಿತ್ಸೆಯನ್ನು ನೆಚ್ಚಿಕೊಳ್ಳಬೇಕಾಗಿಲ್ಲ.

ಒಮ್ಮೆ ಬಳಸಿದ ಹ್ಯಾಂಡ್‌ಪೀಸನ್ನು ಶುಚಿಗೊಳಿಸಿ ಹೊಸದೆಂದು ಮಾರುವುದು ಗಂಭೀರ ಅಪರಾಧ. ಸವೆದ ದವಡೆಯ ಬೆಸುಗೆ ಸಡಿಲವಾದರೆ ಅಪಾಯಕ್ಕೆ ಸಿಲುಕುವುದು ರೋಗಿಯ ಜೀವ.

2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲವೂ ಔಷಧ ಕಾನೂನಿನ ವ್ಯಾಪ್ತಿಯಲ್ಲಿವೆ. ಮಾರಾಟಕ್ಕೆ ಔಷಧ ಮಾರಾಟ ಪರವಾನಗಿ ಇಲ್ಲವೇ ಎಂಡಿ-42 ನೋಂದಣಿ ಅಗತ್ಯ. ತಯಾರಿಕೆಗೆ ಮುಂದಾಗುವ ಸಣ್ಣ ಉದ್ಯಮಿಗಳು, ಸಾಧನವು ‘ಸಿ’ ವರ್ಗದ್ದಾಗಿದ್ದರೆ, ಕೇಂದ್ರ ಪ್ರಾಧಿಕಾರದ ಪರವಾನಗಿ ಪಡೆಯಬೇಕು. ಇದು 2023ರ ಅಕ್ಟೋಬರ್ 1ರಿಂದ ಕಡ್ಡಾಯ. ಖರೀದಿ ಬಿಲ್ಲು, ಬ್ಯಾಚ್ ಸಂಖ್ಯೆ ಮತ್ತು ಅವಧಿಯ ದಿನಾಂಕಗಳ ದಾಖಲೆಯನ್ನು ಸುಸ್ಥಿತಿಯಲ್ಲಿಡುವುದು ವರ್ತಕರಿಗೂ ರೋಗಿಗೂ ಸಮಾನವಾದ ರಕ್ಷಣೆ.